ಎಂಟು ಸೆಕೆಂಡಿನ ಮಾವ

ಕಸೂತಿ ಕಾರ್ಖಾನೆಗೆ ಹೊಸ ಯಂತ್ರ ಬಂದ ವಾರವೇ ಅವಳ ಕೆಲಸ ಹೋಯಿತು. ಹತ್ತೊಂಬತ್ತು ವರ್ಷ ಅವಳು ಅಲ್ಲಿ ಮಾಡಿದ್ದು ಒಂದೇ ಕೆಲಸ: ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹೂಬಳ್ಳಿಯ ನಕ್ಷೆ ಇಟ್ಟು, ಅದರ ಮೇಲೆ ತೆಳು ಕಾಗದ ಹಾಸಿ, ಗೆರೆ ಅಲುಗದ ಹಾಗೆ ನಕಲು ತೆಗೆಯುವುದು. ಹೊಸ ಯಂತ್ರಕ್ಕೆ ನಕಲು ಬೇಕಿರಲಿಲ್ಲ, ನೇರವಾಗಿ ಬಟ್ಟೆಯ ಮೇಲೇ ಹೊಲಿಯುತ್ತಿತ್ತು. ಮಾಲೀಕರು ಕೆಟ್ಟವರಲ್ಲ. ಕರೆದು ಕೂರಿಸಿ, ಚಹಾ ತರಿಸಿ, ನಿನ್ನಂಥ ಕೈ ಮತ್ತೆ ಸಿಗುವುದಿಲ್ಲ ಎಂದು ಹೇಳಿಯೇ ಕಳಿಸಿದರು. ಮನೆಗೆ ಬಂದವಳು ಮೂರು ದಿನ ಕಪಾಟುಗಳನ್ನೆಲ್ಲ ಖಾಲಿ ಮಾಡಿ ತೊಳೆದಳು. ನಾಲ್ಕನೆಯ ದಿನ ತೊಳೆಯಲು ಏನೂ ಉಳಿದಿರಲಿಲ್ಲ.

ಮನೆಯಲ್ಲಿ ಇದ್ದದ್ದು ನಾಲ್ಕು ಜನ. ಗಂಡ ಸಿಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ಕಾಲೇಜಿನಲ್ಲಿ ಎರಡನೇ ವರ್ಷ. ಮಾವನನ್ನು ಬೀದಿಯವರೆಲ್ಲ ಮೀಟರ್ ತಾತ ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಮನೆಮನೆಗೆ ನಡೆದು ಕರೆಂಟ್ ಮೀಟರ್ ಓದಿದವರು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಹದಿನಾಲ್ಕು ತಿಂಗಳ ಹಿಂದೆ ಅವರು ಇನ್ನೂ ಪೂರ್ತಿ ನಿಲ್ಲದ ಬಸ್ಸಿನಿಂದ ಇಳಿಯಲು ಹೋಗಿ ಬಿದ್ದು, ಬಲಗಡೆಯ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಕೈಗೆ ಕೋಲು ಬಂತು. ಅಂದಿನಿಂದ ಅವರ ಓಡಾಟವೆಲ್ಲ ಕೋಣೆಯಿಂದ ಊಟದ ಮೇಜಿಗೆ, ಊಟದ ಮೇಜಿನಿಂದ ವರಾಂಡಕ್ಕೆ. ವರಾಂಡದ ಮೂರು ಮೆಟ್ಟಿಲು ಇಳಿದು ಬೀದಿಗೆ ಕಾಲಿಟ್ಟವರಲ್ಲ. ಡಾಕ್ಟರು ನಡೆಯಿರಿ ಎಂದರೆ, ಒಂದು ಜನ್ಮಕ್ಕೆ ಸಾಕಾಗುವಷ್ಟು ನಡೆದಾಗಿದೆ ಎನ್ನುತ್ತಿದ್ದರು.

ಐದನೆಯ ದಿನ ಮಗಳ ಪೆಟ್ಟಿಗೆಯಲ್ಲಿ ಅವಳಿಗೆ ಚಿತ್ರ ಬರೆಯುವ ಟ್ಯಾಬ್ಲೆಟ್ ಸಿಕ್ಕಿತು. ಹೋದ ವರ್ಷ ಹಟ ಹಿಡಿದು ಕೊಡಿಸಿಕೊಂಡು, ಎರಡು ತಿಂಗಳು ಗೀಚಿ, ಮಗಳು ಮೂಲೆಗೆ ಹಾಕಿದ್ದ ವಸ್ತು. ಸಂಜೆ ಮಗಳನ್ನೇ ಕೂರಿಸಿಕೊಂಡು ಹೇಗೆ ಬಳಸುವುದೆಂದು ಕೇಳಿದಳು. ಮಗಳು ಅವಸರದಲ್ಲೇ ತೋರಿಸಿದಳು: ಇದು ಪೆನ್ನು, ಇದು ಅಳಿಸುವುದು, ಇಲ್ಲಿ ಒತ್ತಿದರೆ ಹೊಸ ಚಿತ್ರ, ಇಲ್ಲಿ ಒತ್ತಿದರೆ ಬರೆದ ಚಿತ್ರಗಳೆಲ್ಲ ಒಂದರ ಹಿಂದೆ ಒಂದು ಓಡುತ್ತವೆ. ಕೊನೆಯದು ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಅದಕ್ಕೆ ಲೂಪ್ ಅಂತಾರೆ.

"ಹಿಂದಿನ ಚಿತ್ರ ಮರೆತುಹೋದ್ರೆ?" ಎಂದಳು ಅಮ್ಮ.

"ಮರೆಯೋಕೆ ಬಿಡಲ್ಲ. ನೋಡು, ಈ ಬಟನ್ ಒತ್ತಿದ್ರೆ ಹಿಂದಿನದು ಕೆಂಪಾಗಿ ತೆಳ್ಳಗೆ ಕೆಳಗೆ ಕಾಣುತ್ತೆ. ಅದರ ಮೇಲೆ ಸ್ವಲ್ಪ ಸರಿಸಿ ಮುಂದಿನದನ್ನ ಬರೀಬೇಕು."

ಅವಳು ಪರದೆಯನ್ನೇ ನೋಡಿದಳು. ಕೆಳಗೆ ಬೆಳಕು, ಬೆಳಕಿನ ಮೇಲೆ ಹಳೆಯ ಗೆರೆ, ಅದರ ಮೇಲೆ ಹೊಸ ಗೆರೆ.

"ಇದು ನನ್ನ ಗಾಜಿನ ಮೇಜೇ ಅಲ್ವೇನೇ," ಎಂದಳು.

ಮರುದಿನ ಬೆಳಿಗ್ಗೆ ಗಂಡ, ಮಗಳು ಹೊರಟ ಮೇಲೆ, ಕುದಿಯುವ ಪಾತ್ರೆಯ ಮೇಲೆ ಮುಚ್ಚಳ ಕುಣಿಯುವುದನ್ನು ಆರು ಚಿತ್ರಗಳಲ್ಲಿ ಬರೆದಳು. ಮುಚ್ಚಳ ಏಳುತ್ತಿತ್ತು, ವಾಲುತ್ತಿತ್ತು, ಕೂರುತ್ತಿತ್ತು, ಮತ್ತೆ ಏಳುತ್ತಿತ್ತು. ಅದು ಕುಣಿಯುವುದನ್ನು ನೋಡುತ್ತ ಕೂತವಳಿಗೆ ಒಲೆಯ ಮೇಲಿದ್ದ ನಿಜವಾದ ಪಾತ್ರೆಯ ನೆನಪಾದದ್ದು ಮಾವ ಕೋಣೆಯಿಂದ ಕೂಗಿದಾಗ. ಬೇಳೆ ತಳ ಹಿಡಿದು ಕರಿ ಕಟ್ಟಿತ್ತು. ಮಧ್ಯಾಹ್ನ ಮಾವ ಆ ಬೇಳೆಯಲ್ಲಿದ್ದ ಕರಿ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಟ್ಟು ತಿಂದರು.

ಹತ್ತು ದಿನ ಕಳೆದ ಮೇಲೆ ಗಂಡ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟ. ಅವನ ಜೊತೆಯವನ ಹೆಂಡತಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಬರುವ ತಿಂಗಳ ಒಂದನೇ ತಾರೀಕಿಗೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಾರಂತೆ. ಊಟದ ನಡುವೆ ಆ ದಿನದ ಮಾತು ಹೇಳುತ್ತ, ಡಿಪೋದಲ್ಲಿ ಬಸ್ಸುಗಳಿಗೆಲ್ಲ ಟಿವಿಯಂಥ ಪರದೆ ಜೋಡಿಸುತ್ತಿದ್ದಾರೆ, ಅದರಲ್ಲಿ ಹಾಕಲು ಕೈಯಲ್ಲಿ ಬರೆದ ಓಡುವ ಚಿತ್ರ ಬೇಕು ಅಂತ ನೋಟಿಸ್ ಹಚ್ಚಿದ್ದಾರೆ, ಯಾರಿಗೆ ಅಷ್ಟು ಪುರುಸೊತ್ತಿದೆಯೋ ಎಂದು ನಕ್ಕ. ಮಗಳು ತಟ್ಟೆಯಿಂದ ತಲೆಯೆತ್ತಿ ಅಮ್ಮನನ್ನು ನೋಡಿದಳು. ಮರುದಿನ ಕಾಲೇಜಿಗೆ ಹೋಗುವಾಗ ಡಿಪೋ ಗೇಟಿನ ಮುಂದೆ ಇಳಿದು ನೋಟಿಸಿನ ಫೋಟೊ ತೆಗೆದುಕೊಂಡು ಬಂದಳು.

ಬಸ್ ನಿಲ್ಲುವ ಮುಂಚೆ ಇಳಿಯಬೇಡಿ ಎಂದು ಹೇಳುವ ಚಿತ್ರ ಬೇಕಾಗಿತ್ತು. ಅಕ್ಷರ ಇರಬಾರದು, ಸದ್ದು ಇರಬಾರದು. ಎಂಟು ಸೆಕೆಂಡು ಇರಬೇಕು, ಮುಗಿದದ್ದು ಮತ್ತೆ ಶುರುವಾದದ್ದು ನೋಡುವವರಿಗೆ ಗೊತ್ತಾಗಬಾರದು. ಆಯ್ಕೆಯಾದವರಿಗೆ ಒಂದು ವರ್ಷ ತಿಂಗಳಿಗೊಂದರಂತೆ ಇಂಥವೇ ಚಿತ್ರ ಬರೆಯುವ ಕೆಲಸ. ಕಳಿಸಲು ಕೊನೆಯ ದಿನಕ್ಕೆ ಇನ್ನು ಐದು ವಾರವಿತ್ತು.

"ಸೆಕೆಂಡಿಗೆ ಹನ್ನೆರಡು ಚಿತ್ರ ಅಂದ್ರೆ ಒಟ್ಟು ತೊಂಬತ್ತಾರು," ಎಂದಳು ಮಗಳು. "ಆಗುತ್ತಾ ಅಮ್ಮ?"

"ಒಂದು ಮದುವೆ ಸೆರಗಿಗೆ ನಾನೂರು ಹೂವು ಬರೆದಿದೀನಿ. ಇದೇನು ಮಹಾ."

ಗಂಡನಿಗೆ ಅದು ಹಿಡಿಸಲಿಲ್ಲ. ಅರ್ಜಿಯ ಮೇಲೆ ತರಕಾರಿಯ ಸಿಪ್ಪೆ ಬಿದ್ದಿರುವುದನ್ನು ಕಂಡು ಒಂದು ದಿನ ಕೂಗಾಡಿಯೇಬಿಟ್ಟ. ಕಾಲೇಜು ಕಲಿತ ಹುಡುಗರೇ ಕಂಪ್ಯೂಟರ್ ಮುಂದೆ ವರ್ಷಗಟ್ಟಲೆ ಕೂತು ಕಲಿಯುವ ವಿದ್ಯೆ ನಿನಗೆ ಐದು ವಾರದಲ್ಲಿ ಬರುತ್ತದೆಯೇ ಎಂದು ಕೇಳಿದ. ಬರದಿದ್ದರೆ ಬಿಸ್ಕತ್ತು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವಳು ಉತ್ತರ ಕೊಟ್ಟಳು. ಅರ್ಜಿಯನ್ನು ಒರೆಸಿ, ತುಂಬಿ, ಕೊಟ್ಟೂ ಬಂದಳು. ಎರಡು ದಾರಿಯೂ ತೆರೆದಿರಲಿ ಎಂದು.

ಬಸ್ ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ. ಮನುಷ್ಯ ಕಷ್ಟವಾದ. ಮೊದಲು ಬರೆದ ಯುವಕ ಬಸ್ಸಿನಿಂದ ಇಳಿದರೆ ಚೀಲ ಉರುಳಿದ ಹಾಗಿತ್ತು. ಆಮೇಲೆ ಬರೆದ ಹೆಂಗಸು ತೇಲುತ್ತಿದ್ದಳು. ಯಾರನ್ನಾದರೂ ನೋಡಿ ಬರೆಯಬೇಕು ಅನ್ನಿಸಿತು. ಹಗಲೆಲ್ಲ ಮನೆಯಲ್ಲಿ ನೋಡಲು ಸಿಗುತ್ತಿದ್ದವರು ಮಾವ ಒಬ್ಬರೇ. ಅವರು ಕೋಣೆಯಿಂದ ಬರುವಾಗ ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ಭುಜ ಮೊದಲು ಏಳುವುದು, ಬಲಗಾಲು ನೆಲಕ್ಕೆ ತಾಗಿದ ಕೂಡಲೇ ಮೈ ಅಲ್ಲಿಂದ ತಪ್ಪಿಸಿಕೊಂಡು ಎಡಕ್ಕೆ ಓಡುವುದು, ತಲೆ ಒಂದು ಬೆರಳಿನಷ್ಟು ಬಾಗುವುದು. ಎರಡು ಹೆಜ್ಜೆಯಲ್ಲಿ ಒಂದು ಉದ್ದ, ಒಂದು ಗಿಡ್ಡ.

ಮಾವನಿಗೆ ಅದು ಗೊತ್ತಾಗದೆ ಇರಲಿಲ್ಲ. ಒಂದು ಮಧ್ಯಾಹ್ನ ತುತ್ತು ಕೈಯಲ್ಲೇ ಇಟ್ಟುಕೊಂಡು, "ನನ್ನ ಕಾಲಲ್ಲಿ ಏನು ಕಳಕೊಂಡಿದೀಯಮ್ಮ, ಊಟಕ್ಕೆ ಕೂತಾಗಲೂ ಅಲ್ಲೇ ಹುಡುಕ್ತೀಯಲ್ಲ," ಎಂದರು. ಅವಳು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಆಗಲೇ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಬಹಳ ಸಲ ಅಂದುಕೊಂಡಳು.

ಮೂರನೆಯ ವಾರದ ಕೊನೆಗೆ ತೊಂಬತ್ತಾರೂ ಸಿದ್ಧವಾದವು. ಬಲಗಡೆಯಿಂದ ಬಸ್ ಬಂದು ನಿಲ್ಲುತ್ತದೆ. ಬಾಗಿಲಲ್ಲಿ ಕೋಲು ಹಿಡಿದ ಮುದುಕ ಕಾಯುತ್ತಾನೆ, ಇಳಿಯುತ್ತಾನೆ, ನಡೆದು ಹೋಗುತ್ತಾನೆ. ಬಸ್ ಎಡಗಡೆಗೆ ಹೊರಡುತ್ತದೆ; ಅದರ ಬೆನ್ನಿಗೇ ಬಲಗಡೆಯಿಂದ ಮುಂದಿನ ಬಸ್, ಅದರ ಬಾಗಿಲಲ್ಲಿ ಅದೇ ಮುದುಕ. ಅವಳು ಅದನ್ನು ಓಡಲು ಬಿಟ್ಟು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ನೀರು ಕುಡಿಯಲು ಬಂದ ಮಾವ ಮೇಜಿನ ಮೇಲೆ ತಮ್ಮನ್ನೇ ಕಂಡರು. ಬೋಳು ತಲೆ, ದೊಡ್ಡ ಕಿವಿ, ಜೇಬಿನಲ್ಲಿ ಕನ್ನಡಕ. ಕುಂಟುತ್ತ ಹೋಗುತ್ತಿದ್ದರು, ಮತ್ತೆ ಬಂದು ಮತ್ತೆ ಕುಂಟುತ್ತಿದ್ದರು.

ಅವಳು ಒಳಗೆ ಬಂದಾಗ ಅವರು ತುಂಬಿದ ಲೋಟ ಹಿಡಿದು ಇನ್ನೂ ಪರದೆಯ ಮುಂದೆಯೇ ನಿಂತಿದ್ದರು.

"ಇದನ್ನ ಬಸ್ಸಲ್ಲೆಲ್ಲ ಹಾಕ್ತಾರಾ?"

"ಆರಿಸಿದ್ರೆ ಹಾಕ್ತಾರೆ ಮಾವ."

"ಈ ಊರಲ್ಲಿ ನಾನು ನಡೀದೆ ಇರೋ ಬೀದಿ ಇಲ್ಲ. ಜನ ನನ್ನ ಹೆಜ್ಜೆ ಸದ್ದು ಕೇಳಿ ಬಾಗಿಲು ತೆಗೀತಿದ್ರು. ಅವರ ಮುಂದೆಲ್ಲ ನನ್ನನ್ನ ಕುಂಟಿಸ್ತೀಯಾ? ಅದೂ ಒಂದು ಸಲ ಅಲ್ಲ, ನಿಲ್ಲಿಸದೆ?"

ಆ ಸಂಜೆ ಅವರು ಮೇಜಿಗೆ ಬರಲಿಲ್ಲ, ಮರುದಿನವೂ ಬರಲಿಲ್ಲ. ತಟ್ಟೆ ಅವರ ಕೋಣೆಗೇ ಹೋಗಿ ಅರ್ಧ ಖಾಲಿಯಾಗಿ ವಾಪಸು ಬರುತ್ತಿತ್ತು. ಗಂಡ ಅಪ್ಪನ ಕಡೆಗೇ ನಿಂತ. ಮೊದಲು ಅದನ್ನು ಅಳಿಸಿಹಾಕು, ಆಮೇಲೆ ಬೇರೆ ಮಾತು ಎಂದ. ಬೇರೆ ಮುಖ ಹಾಕಿದರೆ ಸಾಕಲ್ಲವೇ ಎಂದು ಮಗಳು ಮಧ್ಯೆ ಬಾಯಿ ಹಾಕಿದಳು. ನಡಿಗೆ ಅವರದೇ ಇರುವಾಗ ಮುಖ ಬದಲಾಯಿಸಿ ಯಾರ ಕಣ್ಣಿಗೆ ಮಣ್ಣೆರಚುವುದು ಎಂದು ಅಮ್ಮ ಅಂದಳು. ಆದರೂ ಅಳಿಸಿಬಿಡಬೇಕೆಂದು ಅವಳಿಗೂ ಅನ್ನಿಸಿತ್ತು. ಕೇಳದೆ ಬರೆದದ್ದು ತಪ್ಪು, ಅದು ಅವಳಿಗೆ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಚಹಾ ಜೊತೆ ಟ್ಯಾಬ್ಲೆಟ್ಟನ್ನೂ ಹಿಡಿದುಕೊಂಡು ಮಾವನ ಕೋಣೆಗೆ ಹೋದಳು.

"ನಿಮ್ಮನ್ನ ಕೇಳದೆ ಬರೆದೆ ಮಾವ, ತಪ್ಪಾಯ್ತು. ಅಳಿಸೋ ಬಟನ್ ಇಲ್ಲಿದೆ. ನೀವೇ ಒತ್ತಿ."

ಮಾವ ಕನ್ನಡಕ ಹಾಕಿಕೊಂಡರು. ಚಿತ್ರ ಓಡುತ್ತಿತ್ತು. ಬೆರಳು ಬಟನ್ನಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಮುದುಕ ಒಂದು ಸಲ ಇಳಿದ, ಎರಡು ಸಲ ಇಳಿದ. ಚಹಾ ಆರುತ್ತಿತ್ತು. ಅವರ ಹುಬ್ಬು ಗಂಟಿಕ್ಕಿತು, ಆದರೆ ಅದು ಮೊದಲಿನ ಸಿಟ್ಟಾಗಿ ಅವಳಿಗೆ ಕಾಣಲಿಲ್ಲ. ಎಷ್ಟೋ ವರ್ಷದ ಹಿಂದೆ ಯಾವುದಾದರೂ ಮೀಟರ್ ತಪ್ಪು ಓಡುತ್ತಿದೆ ಎಂದು ಅನುಮಾನ ಬಂದಾಗ ಅವರು ಹೀಗೇ ಕೂರುತ್ತಿದ್ದರು.

"ಇವನು ನಾನಲ್ಲ," ಎಂದರು ಕೊನೆಗೆ.

"ಯಾಕೆ ಮಾವ?"

"ಕೋಲು ಬಲಗೈಲಿದೆ."

ಕೋಲು ಈ ಕಡೆ ಇದ್ದರೆ ನೋಡುವವರಿಗೆ ಚೆನ್ನಾಗಿ ಕಾಣುತ್ತದೆ ಎಂದು ಹಾಗೆ ಬರೆದೆ ಎಂದಳು.

"ಚೆನ್ನಾಗಿ ಕಾಣುತ್ತೆ, ಚೆನ್ನಾಗಿ ಬೀಳ್ತಾನೆ. ನೋವಿರೋದು ಬಲಗಾಲಲ್ಲಿ, ಕೋಲು ಎಡಗೈಲಿರಬೇಕು. ಆಸ್ಪತ್ರೇಲಿ ವ್ಯಾಯಾಮ ಮಾಡಿಸ್ತಿದ್ದ ಹುಡುಗಿ ಒಂದು ತಿಂಗಳು ನನ್ನ ಜೀವ ತಿಂದು ಕಲಿಸಿದ್ದು ಇದೇ. ಇಳಿಯೋವಾಗ ಮೊದಲು ಕೋಲು, ಅದರ ಜೊತೆಗೆ ಕೆಟ್ಟ ಕಾಲು, ಕೊನೆಗೆ ಒಳ್ಳೆ ಕಾಲು. ನಿನ್ನ ಮುದುಕ ಒಳ್ಳೆ ಕಾಲು ಮೊದಲು ಹಾಕ್ತಾನೆ. ಇವನನ್ನ ನೋಡಿ ನನ್ನಂಥ ಇನ್ನೊಬ್ಬ ಹಾಗೇ ಇಳಿದ್ರೆ?"

ಅವಳು ಮಂಚದ ತುದಿಯಲ್ಲಿ ಕೂತುಬಿಟ್ಟಳು. ಅರವತ್ತು ಚಿತ್ರಗಳನ್ನಾದರೂ ಮತ್ತೆ ಬರೆಯಬೇಕಾಗಿತ್ತು. ಕೊನೆಯ ದಿನಕ್ಕೆ ಹನ್ನೊಂದು ದಿನವಿತ್ತು.

"ಹೇಗೆ ಅಂತ ಒಂದು ಸಲ ತೋರಿಸ್ತೀರಾ ಮಾವ?"

ಮಾವ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಎದ್ದು ಕೋಲು ತೆಗೆದುಕೊಂಡು, ಊಟದ ಮೇಜು ದಾಟಿ ವರಾಂಡಕ್ಕೆ ಹೋದರು. ಕಂಬವನ್ನು ಬಲಗೈಯಲ್ಲಿ ಬಸ್ಸಿನ ಕಂಬಿಯ ಹಾಗೆ ಹಿಡಿದರು. ಬಿದ್ದ ಮೇಲೆ ಮೊದಲ ಸಲ ಮೂರು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬೀದಿಯಲ್ಲಿ ನಿಂತರು. ಮುಖ ಬೆವರಿತ್ತು.

"ಬರಕೊಂಡ್ಯಾ?" ಎಂದರು.

ಅವಳು ಬರೆದುಕೊಂಡಿರಲಿಲ್ಲ. ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು ಅಷ್ಟೆ.

"ಹಾಗಾದ್ರೆ ಮತ್ತೆ ಹತ್ತಬೇಕಾಯ್ತು," ಎಂದು ಗೊಣಗಿದರು ಮಾವ.

ಆಮೇಲಿನ ದಿನಗಳಲ್ಲಿ ಅವರು ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಅವಳು ಮೆಟ್ಟಿಲ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದಳು. ಅಲ್ಲೇ ನಿಲ್ಲಿ ಎಂದರೆ ಮಾವ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡೇ ನಿಲ್ಲುತ್ತಿದ್ದರು. ಎದುರು ಮನೆಯ ಟೀಚರಮ್ಮ ಏನು ನಡೆಯುತ್ತಿದೆ ಎಂದು ಕೇಳಿದ್ದಕ್ಕೆ, ಸೊಸೆ ನನಗೆ ಇಳಿಯುವುದು ಹೇಳಿಕೊಡುತ್ತಿದ್ದಾಳೆ ಎಂದರು. ಮೇಜಿಗೆ ಊಟಕ್ಕೂ ಬಂದರು. ಬಂದವರು, ಕಿವಿಯನ್ನು ಸ್ವಲ್ಪ ಚಿಕ್ಕದು ಮಾಡಬಹುದಲ್ಲವೇ ಎಂದು ಕೇಳಿದರು. ಮೊಮ್ಮಗಳು, "ತಾತ, ಅದೊಂದೇ ನೋಡಿ ಬರೆಯೋಕೆ ಸುಲಭವಾಗಿರೋದು," ಎಂದಳು.

ಒಂದನೇ ತಾರೀಕು ಬಂತು. ಕೆಲಸಕ್ಕೆ ಸೇರಲು ಕರೆ ಬಂದಿದ್ದರೂ ಅವಳು ಬಿಸ್ಕತ್ತು ಕಾರ್ಖಾನೆಗೆ ಹೋಗಲಿಲ್ಲ. ಬೆಳಿಗ್ಗೆ ಗಂಡ ತಿಂಡಿ ಮುಟ್ಟದೆ ಎದ್ದು, ಜೊತೆಯವನ ಮುಂದೆ ಮುಖವೆತ್ತಿ ತಿರುಗುವುದು ಹೇಗೆ ಎಂದು ಕೇಳಿದ. ಅವಳ ಬದಲು ಮಾವ ಉತ್ತರ ಕೊಟ್ಟರು.

"ಅವಳು ಕೆಲಸದಲ್ಲಿದಾಳೆ ಕಣೋ. ನಾನೂ ಇದೀನಿ. ನೀನು ಸಂಜೆ ಬರುವಾಗ ಆಲೂಗಡ್ಡೆ ತಗೊಂಡು ಬಾ, ಬೇಯಿಸೋದೂ ನೀನೇ."

ಸಂಜೆ ಗಂಡ ಆಲೂಗಡ್ಡೆ ತಂದ. ಬೇಯಿಸಿದ. ಉಪ್ಪು ಹಾಕಲು ಮರೆತಿದ್ದ, ಎಲ್ಲರೂ ಉಪ್ಪಿನಕಾಯಿ ಹಾಕಿಕೊಂಡು ತಿಂದರು. ತಟ್ಟೆ ತೊಳೆಯುವಾಗ, ಹೆಂಡತಿಯ ಬೆನ್ನ ಹಿಂದೆ ನಿಂತು ಮೊದಲ ಸಲ ಆ ಚಿತ್ರವನ್ನು ಪೂರ್ತಿ ನೋಡಿದ.

"ಬಸ್ ಹೀಗೆ ನಿಲ್ಲಲ್ಲ," ಎಂದ. "ಬ್ರೇಕ್ ಹಾಕಿದ್ರೆ ಮೂತಿ ತಗ್ಗಿಸುತ್ತೆ. ಆಮೇಲೆ ಹಿಂದಕ್ಕೆ ಕೂರುತ್ತೆ. ಆ ಕೂತ ಮೇಲೇ ಇಳೀಬೇಕು. ಅಪ್ಪ ಬಿದ್ದಿದ್ದು ಅದು ಕೂರೋ ಮುಂಚೆ."

ಅವನು ಒದ್ದೆ ಕೈಯಲ್ಲೇ ತಟ್ಟೆಯೊಂದನ್ನು ಮೇಜಿನ ಮೇಲೆ ಓಡಿಸಿ, ನಿಲ್ಲಿಸಿ, ಮುಂದೆ ಬಾಗಿಸಿ, ಹಿಂದಕ್ಕೆ ಕೂರಿಸಿ ತೋರಿಸಿದ. ಅವಳು ಮೂರು ಸಲ ಮಾಡಿಸಿದಳು. ಬಸ್ ನಿಲ್ಲುವ ಎಂಟು ಚಿತ್ರಗಳನ್ನೂ ಅಳಿಸಿ ಹೊಸದಾಗಿ ಬರೆಯಬೇಕಾಯಿತು. ಗೊಣಗಲಿಲ್ಲ.

ಕಳಿಸಲು ಎರಡು ದಿನ ಉಳಿದಾಗ ಎಲ್ಲ ಮುಗಿಯಿತು, ಒಂದನ್ನು ಬಿಟ್ಟು. ಪ್ರತಿ ಸುತ್ತಿಗೂ ಬಸ್ ಬರುವಾಗ ಒಂದು ಕಡೆ ಗಕ್ಕನೆ ತಡೆಯುತ್ತಿತ್ತು. ಬಸ್ಸಿಗೆ ಬಿಕ್ಕಳಿಕೆ ಬರುತ್ತಿದೆ ಎಂದಳು ಮಗಳು. ಗಂಡ ಅದು ಬ್ರೇಕಿನ ದೋಷ ಎಂದ, ಮಾವ ಕರೆಂಟಿನ ದೋಷ ಎಂದರು. ಅವಳು ಒಂದೊಂದೇ ಚಿತ್ರವನ್ನು ತೆಗೆದು ನೋಡಿದಳು. ಯಾವುದರಲ್ಲೂ ತಪ್ಪಿರಲಿಲ್ಲ. ಮಧ್ಯಾಹ್ನ ಊಟದ ಮೇಜಿನ ಬಟ್ಟೆ ಬದಲಾಯಿಸುವಾಗ ಅದರ ಅಂಚಿನ ಹೂಬಳ್ಳಿಯ ಮೇಲೆ ಬೆರಳಾಡಿಸುತ್ತ ಸುತ್ತ ಬಂದವಳು ಹಾಗೇ ನಿಂತಳು.

"ಏನಾಯ್ತಮ್ಮ?" ಎಂದಳು ಮಗಳು.

"ಬಳ್ಳಿ ಸುತ್ತ ಬಂದು ಶುರುವಾದ ಜಾಗಕ್ಕೆ ಸೇರೋವಾಗ ಮೊದಲನೇ ಹೂವನ್ನ ಇನ್ನೊಂದು ಸಲ ಬರೀಬಾರದು. ಬರೆದ್ರೆ ಒಂದೇ ಹೂವು ಎರಡು ಸಲ ಬಂದು ಅಂಚು ಕೆಡುತ್ತೆ. ಹೊಸಬರಿಗೆ ನಾನೇ ಬೈದು ಹೇಳಿಕೊಡ್ತಿದ್ದೆ."

ಸೇರಿಕೆ ಸರಿಯಾಗಿರಲಿ ಎಂದು ಅವಳು ಮೊದಲನೇ ಚಿತ್ರವನ್ನೇ ಕೊನೆಯಲ್ಲೂ ಇಟ್ಟಿದ್ದಳು. ಅಲ್ಲಿದ್ದದ್ದು ತೊಂಬತ್ತೇಳು. ಕೊನೆಯದನ್ನು ಅಳಿಸಿ ಓಡಿಸಿದಳು. ಬಸ್ ಬಂತು, ಮೂತಿ ತಗ್ಗಿಸಿ ಕೂತಿತು. ಮುದುಕ ಇಳಿದು ಹೋದ, ಬಸ್ ಹೋಯಿತು, ಬಸ್ ಬಂತು. ಎಲ್ಲೂ ತಡೆಯಲಿಲ್ಲ. ನಾಲ್ವರೂ ಮೇಜಿನ ಸುತ್ತ ನಿಂತು ನೋಡಿದರು. ಯಾರೂ ಮೊದಲು ಕಣ್ಣು ತೆಗೆಯಲಿಲ್ಲ.

ಮೂರು ವಾರದ ಮೇಲೆ ಬಸ್ ಕಚೇರಿಯಿಂದ ಕರೆ ಬಂತು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ಪರದೆಗಳ ಜವಾಬ್ದಾರಿ ಹೊತ್ತಿದ್ದ ಅಧಿಕಾರಿ ಅವಳ ವಯಸ್ಸಿನವರೇ ಒಬ್ಬ ಹೆಂಗಸು. ನಿಮ್ಮ ಸ್ಟುಡಿಯೋ ಎಲ್ಲಿದೆ ಎಂದು ಕೇಳಿದರು. ಊಟದ ಮೇಜು ಎಂದಳು. ನಕ್ಕು, ಬಂದ ಎಪ್ಪತ್ತರಲ್ಲಿ ಇದೇ ನಮಗೆ ಹಿಡಿಸಿದ್ದು, ಆದರೆ ಒಂದು ಬದಲಾವಣೆ ಮಾಡಿಕೊಡಬೇಕು ಎಂದರು. ಕುಂಟುವುದನ್ನು ತೆಗೆಯಬೇಕು. ಯಾರಾದರೂ ಬೇಜಾರು ಮಾಡಿಕೊಂಡಾರು. ಸಾಧಾರಣ ನಡಿಗೆಯ ಒಬ್ಬ ತಾತ ಸಾಕು.

ಹೂಂ ಎಂದುಬಿಟ್ಟರೆ ವರ್ಷದ ಕೆಲಸ ಕೈಗೆ ಬಂದ ಹಾಗೆಯೇ.

"ಬೇಜಾರಾಗಬೇಕಾದವರು ನಮ್ಮ ಮಾವ ಮೇಡಂ. ಅವರಿಗೆ ಆಯ್ತು, ಊಟ ಬಿಟ್ಟರು. ಆಮೇಲೆ ಸರಿಯಾಗಿ ಕುಂಟೋದು ಹೇಗೆ ಅಂತ ಅವರೇ ಹೇಳಿಕೊಟ್ಟರು," ಎಂದಳು. "ಅವರು ಕುಂಟೋದು ನಿಲ್ಲದ ಬಸ್ಸಿಂದ ಇಳಿದಿದ್ದಕ್ಕೆ. ಅದನ್ನ ತೆಗೆದ್ರೆ ಈ ತಾತ ಯಾಕೆ ಕಾಯ್ತಿದಾರೆ ಅಂತ ಯಾರಿಗೂ ಗೊತ್ತಾಗಲ್ಲ. ಬೇರೆ ಚಿತ್ರ ಬೇಕಾದ್ರೆ ಬರೆದುಕೊಡ್ತೀನಿ. ಇದರಲ್ಲಿ ಒಂದು ಹೆಜ್ಜೆಯನ್ನೂ ಬದಲಾಯಿಸಲ್ಲ."

ಅಧಿಕಾರಿ ಮತ್ತೊಮ್ಮೆ ಚಿತ್ರವನ್ನು ಓಡಿಸಿದರು. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಆಮೇಲೆ ಡ್ರಾಯರಿನಿಂದ ಒಪ್ಪಂದದ ಕಾಗದ ತೆಗೆದು ಅವಳ ಮುಂದಿಟ್ಟು, ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದರು.

ಮೊದಲು ನೋಡಿದವನು ಗಂಡ. ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ಮೇಲೆ ಯಾರೋ ಪರದೆಯನ್ನು ಪರೀಕ್ಷೆ ಮಾಡುತ್ತಿದ್ದರು. ಎದ್ದು ಬಂದು ನೋಡಿದರೆ ಏಳೆಂಟು ಜನ ಡ್ರೈವರುಗಳು ಮುಖ ಮೇಲೆ ಮಾಡಿ ನಿಂತಿದ್ದರು. ಬಸ್ ಕೂತದ್ದನ್ನು ನೋಡು, ಇದನ್ನು ಬರೆದವನು ಬಸ್ ಓಡಿಸಿದವನೇ ಇರಬೇಕು ಎಂದ ಒಬ್ಬ. ಗಂಡ ಗ್ರೀಸ್ ಕೈಯನ್ನು ಅಂಗಿಗೇ ಒರೆಸಿಕೊಂಡು, ಬರೆದದ್ದು ತನ್ನ ಹೆಂಡತಿ ಎಂದು ಹೇಳಿದ. ಸಂಜೆ ಇದನ್ನು ಮನೆಯಲ್ಲಿ ಮೂರು ಸಲ ಹೇಳಿದ. ಪ್ರತಿ ಸಲಕ್ಕೂ ಡ್ರೈವರುಗಳ ಸಂಖ್ಯೆ ಹೆಚ್ಚಾಗುತ್ತ ಹೋಯಿತು.

ಮರುದಿನ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವರಾಂಡದಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಹೋಗಿಬರೋಣ ಎಂದರು. ಅವಳು ಒಲೆ ಆರಿಸಿ ಹೊರಟಳು.

ಬಸ್ಸಿನಲ್ಲಿ ಅಷ್ಟೇನೂ ಜನರಿರಲಿಲ್ಲ. ಪರದೆ ಡ್ರೈವರಿನ ಹಿಂದೆ ಇತ್ತು. ಎದುರು ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಪರದೆಯನ್ನು ನೋಡಿದಳು, ಮಾವನನ್ನು ನೋಡಿದಳು, ಅವರ ಕಿವಿಯನ್ನು ನೋಡಿದಳು.

"ಅದು ನೀವೇ ಅಲ್ವಾ?"

"ನಾನೇ," ಎಂದರು ಮಾವ. "ಬರೆದವಳು ಇವಳು, ನನ್ನ ಸೊಸೆ. ಇವಳ ಕೆಲಸವೇ ಅದು. ಇನ್ನೂ ಹನ್ನೊಂದು ಬರೀಬೇಕು."

ಮಾತು ಸೀಟಿನಿಂದ ಸೀಟಿಗೆ ಹರಡಿತು. ಅವರು ಇಳಿಯುವ ನಿಲ್ದಾಣ ಬಂದಾಗ ಬಸ್ಸಿನವರೆಲ್ಲ ಅವರನ್ನೇ ನೋಡುತ್ತಿದ್ದರು. ಕಂಡಕ್ಟರ್ ಬಾಗಿಲ ಹತ್ತಿರ ಬಂದು ಕೈ ಕೊಡಲು ಹೋದ. ಮಾವ ಬೇಡವೆಂದು ತಲೆಯಾಡಿಸಿದರು. ಬಸ್ ಮೂತಿ ತಗ್ಗಿಸಿತು, ಹಿಂದಕ್ಕೆ ಕೂತಿತು. ಕೋಲು, ಕೆಟ್ಟ ಕಾಲು, ಒಳ್ಳೆ ಕಾಲು. ಹಿಂದೆ ಇಳಿಯಬೇಕಾದವರು ನಾಲ್ಕು ಜನ ನಿಂತಿದ್ದರು, ಒಬ್ಬರೂ ಬೇಗ ಎನ್ನಲಿಲ್ಲ.

ಫುಟ್‌ಪಾತಿನ ಮೇಲೆ ನಿಂತು ಮಾವ ಬಸ್ ಹೋಗುವುದನ್ನು ನೋಡಿದರು. ಅಂಗಿಯ ಕಾಲರು ಸರಿಮಾಡಿಕೊಂಡರು.

"ಇನ್ನೊಂದು ಬಸ್ ಹತ್ತೋಣ ನಡಿ."

"ಎಲ್ಲಿಗೆ ಮಾವ?"

"ಎಲ್ಲಿಗಾದ್ರೂ ಹೋಗಲಿ," ಎಂದರು. "ಇಳಿಯೋದಕ್ಕೆ."